ಅನಾ ಗೂಲ್ಡ್ ಹೊರನಡೆದ ಅರಮನೆ

ಸಿರಿವಂತರ ಮಗಳು ಮತ್ತು ಬರಿಗೈ ಕುಲೀನನ ಪ್ರೇಮವೆಂದರೆ ನನ್ನ ಮನಸ್ಸು ಮೊದಲು ಹೋಗುವುದು ಅನಾ ಗೂಲ್ಡ್ ಮತ್ತು ಬೋನಿ ದ ಕಾಸ್ತೆಲಾನ್ ಅವರ ದಾಂಪತ್ಯದ ಕಡೆಗೆ. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಬೋನಿಯ ಠೀವಿ, ಮಾತಿನ ಚಮತ್ಕಾರ, ಔತಣಗಳ ವರ್ಣನೆಯಲ್ಲೇ ಮೈಮರೆಯುತ್ತಾರೆ, ಅನಾಳನ್ನು ಖರ್ಚಿಗೆ ಒದಗಿದ ಖಜಾನೆಯೆಂಬಂತೆ ಬದಿಗಿಡುತ್ತಾರೆ. ಇದು ಆಕೆಗೆ ಬಗೆದ ಅನ್ಯಾಯವೆಂದೇ ನನ್ನ ಭಾವನೆ.

ಅಮೆರಿಕದ ರೈಲ್ವೆ ದೊರೆ ಜೇ ಗೂಲ್ಡ್ 1892ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಆಸ್ತಿ ಸುಮಾರು 7 ಕೋಟಿ ಡಾಲರ್. ಅದರಲ್ಲಿ ಪಾಲು ಪಡೆದ ಮಗಳು ಅನಾ, 1895ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಫ್ರಾನ್ಸಿನ ಹಳೆಯ ಮನೆತನವೊಂದರ ಕುಡಿಯಾದ ಬೋನಿಯ ಕೈಹಿಡಿದಳು. ಅವನಿಗೆ ಬಿರುದಿತ್ತು, ವಂಶಾವಳಿಯಿತ್ತು, ಅವುಗಳಿಗೆ ತಕ್ಕ ವರಮಾನ ಮಾತ್ರ ಇರಲಿಲ್ಲ. ಗಂಡನ ಧರ್ಮವಾದ ಕ್ಯಾಥೊಲಿಕ್ ಪಂಥಕ್ಕೆ ಸೇರಲು ಅವಳು ಒಪ್ಪಲಿಲ್ಲ, ಸೇರಿದರೆ ಮುಂದೆ ವಿಚ್ಛೇದನದ ದಾರಿಯೇ ಮುಚ್ಚಿಹೋಗುತ್ತದೆಂದು ಅವಳು ಹೇಳಿದ್ದಳೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಇಪ್ಪತ್ತರ ಹರೆಯದ ಹೆಣ್ಣಿನಲ್ಲಿ ಇದ್ದ ಈ ಎಚ್ಚರವನ್ನು ಕಥೆಗಾರರು ಏಕೆ ಗಮನಿಸುವುದಿಲ್ಲವೋ!

ಪ್ಯಾರಿಸ್ಸಿಗೆ ಬಂದ ಮೇಲೆ ಬೋನಿ ತನ್ನ ಬದುಕಿನ ದೊಡ್ಡ ಕನಸಿಗೆ ಕೈಹಾಕಿದ. ಫ್ರೆಂಚ್ ರಾಜರ ನೆಲೆಯಾಗಿದ್ದ ವರ್ಸೇಯ ಗ್ರಾಂ ತ್ರಿಯಾನೊಂ ಅರಮನೆಯ ಮಾದರಿಯಲ್ಲಿ ವಾಸ್ತುಶಿಲ್ಪಿ ಎರ್ನೆಸ್ಟ್ ಸಾನ್ಸೋಂ ಕಟ್ಟಿದ, ಗುಲಾಬಿ ಬಣ್ಣದ ಅಮೃತಶಿಲೆಯ ಆ ಸೌಧಕ್ಕೆ ಪಾಲೆ ರೋಸ್, ಅಂದರೆ ಗುಲಾಬಿ ಅರಮನೆ, ಎಂದೇ ಹೆಸರಾಯಿತು. ಒಳಗಿನ ಮಹಾಸೋಪಾನಕ್ಕೆ ಹದಿನೆಂಟನೆಯ ಶತಮಾನದಲ್ಲೇ ಕೆಡವಲಾಗಿದ್ದ ವರ್ಸೇಯ ರಾಯಭಾರಿಗಳ ಮೆಟ್ಟಿಲು ಮಾದರಿ. ಅಂದರೆ ರಾಜರೇ ಉಳಿಸಿಕೊಳ್ಳದಿದ್ದ ವೈಭವವನ್ನು ಈ ಕುಲೀನ ಹೆಂಡತಿಯ ದುಡ್ಡಿನಿಂದ ಪುನಃ ಎಬ್ಬಿಸಿದ. ಅವನಿಗೆ ನಿಜವಾದ ಅಭಿರುಚಿಯಿತ್ತು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹಳೆಯ ಕಲಾವಸ್ತುಗಳ ಖರೀದಿ, ಔತಣಕೂಟಗಳು, ಸಂಸತ್ತಿನ ಚುನಾವಣೆ, ಅವುಗಳ ಜೊತೆಗೆ ಪರಸ್ತ್ರೀಯರ ಸಹವಾಸ ಎಲ್ಲವೂ ಸೇರಿ ಸಾಲ ಬೆಟ್ಟದಷ್ಟಾಯಿತು, ಸಾಲ ಕೊಟ್ಟವರು ನ್ಯಾಯಾಲಯದ ಮೆಟ್ಟಿಲೇರಿದರು. ಅವಳ ಸಂಪತ್ತಿನಲ್ಲಿ ಸುಮಾರು 1 ಕೋಟಿ ಡಾಲರ್ ಕರಗಿತೆಂದು ಅಂದಾಜು.

1906ರಲ್ಲಿ ಅನಾ ಗಂಡನನ್ನು ತೊರೆದು ಫ್ರಾನ್ಸಿನ ನ್ಯಾಯಾಲಯದಿಂದ ವಿಚ್ಛೇದನ ಪಡೆದಳು. ಮೂವರು ಗಂಡುಮಕ್ಕಳ ತಾಯಿಯಾಗಿ, ಪರದೇಶದಲ್ಲಿ, ಇಡೀ ನಗರದ ಕುಹಕವನ್ನು ಎದುರಿಸಿ ಆಕೆ ತೆಗೆದುಕೊಂಡ ಈ ತೀರ್ಮಾನ ಬೋನಿಯ ಯಾವ ಔತಣಕ್ಕಿಂತಲೂ ದೊಡ್ಡ ಘಟನೆಯೆಂದು ನಾನು ತಿಳಿಯುತ್ತೇನೆ. 1908ರಲ್ಲಿ ಅವಳು ಬೋನಿಯ ದಾಯಾದಿಯೇ ಆದ ಎಲಿ ದ ತಾಲೆರಾಂ-ಪೆರಿಗೋರನನ್ನು ಮದುವೆಯಾದಳು. ಅದಕ್ಕೂ ಮುನ್ನ, ಅದೇ ವರ್ಷದ ಆರಂಭದಲ್ಲಿ, ಪ್ಯಾರಿಸ್ಸಿನ ಚರ್ಚೊಂದರ ಬಳಿ ಆ ದಾಯಾದಿಗಳಿಬ್ಬರೂ ಕೈಕೈ ಮಿಲಾಯಿಸಿದ್ದರು.

ಪುನಃ ಕ್ಯಾಥೊಲಿಕ್ ವಿಧಿಯಂತೆ ಮದುವೆಯಾಗುವ ಹಾದಿ ತೆರೆಯಲೆಂದು ಬೋನಿ ತನ್ನ ವಿವಾಹವೇ ಅಸಿಂಧುವೆಂದು ಸಾರುವಂತೆ ಧರ್ಮಪೀಠದ ಮೊರೆಹೊಕ್ಕ. ವಿವಾಹವನ್ನು ಬಿಡಿಸಲಾಗದ ಬಂಧವೆಂದು ಅನಾ ಎಂದೂ ಒಪ್ಪಿರಲಿಲ್ಲ ಎಂಬುದು ಅವನ ವಾದ. ವರ್ಷಗಟ್ಟಲೆ ಎಳೆದಾಡಿದ ಮೊಕದ್ದಮೆಯಲ್ಲಿ 1924ರಲ್ಲಿ ವ್ಯಾಟಿಕನ್ ಆ ಮದುವೆ ಸಿಂಧುವೆಂದೇ ಅಂತಿಮ ತೀರ್ಪು ಕೊಟ್ಟಿತು. ಹಳೆಯ ಕಲಾವಸ್ತುಗಳ ವ್ಯವಹಾರದಿಂದ ಜೀವನ ಸಾಗಿಸುತ್ತಿದ್ದ ಅವನು 1932ರಲ್ಲಿ ತೀರಿಕೊಂಡ. ಅನಾ 1961ರವರೆಗೂ ಬದುಕಿದ್ದಳು, ಪಾಲೆ ರೋಸ್ ಕೊನೆಯವರೆಗೂ ಅವಳದೇ ಆಗಿತ್ತು.