‘ಮೆಲ್ಲಗೆ ಹೊಡೀರಿ’ ಅನ್ನುವುದನ್ನು ನಾನು ನಿಲ್ಲಿಸಿದೆ

“ಸರ್, ನೀವು ಮೆಲ್ಲಗೆ ಮೆಲ್ಲಗೆ ಅಂತಾನೇ ಇದ್ದೀರಿ. ನಾನೂ ಮೆಲ್ಲಗೇ ಹೊಡೀತಾ ಇದ್ದೀನಿ. ಆದ್ರೂ ಬಾಲ್ ಯಾಕೆ ಮೇಲಕ್ಕೇ ಹೋಗತ್ತೆ?”

ಬೆಳಗಿನ ಪಿಕಲ್‌ಬಾಲ್ ಬ್ಯಾಚ್‌ನ ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಇದು. ಕಾಲೇಜಿನಲ್ಲಿ ಬ್ಯಾಡ್ಮಿಂಟನ್ ಆಡಿದವಳು. ಒಳ್ಳೆಯ ಕೈ, ಒಳ್ಳೆಯ ಕಣ್ಣು. ಆದರೂ ಡಿಂಕ್, ಅಂದರೆ ನೆಟ್ ಹತ್ತಿರದ ಹಗುರ ಹೊಡೆತ, ಆಡಿದರೆ ನಾಲ್ಕಕ್ಕೆ ಒಂದು ಬಾಲ್ ಎದುರಾಳಿಯ ಎದೆಮಟ್ಟಕ್ಕೆ ಎದ್ದು ನಿಲ್ಲುತ್ತಿತ್ತು. ಆ ದಿನ ನನಗೆ ಉತ್ತರ ಗೊತ್ತಿರಲಿಲ್ಲ. “ಪ್ರಾಕ್ಟೀಸ್ ಮಾಡಿ, ಬರತ್ತೆ” ಅಂದುಬಿಟ್ಟೆ. ಅವಳು ಸುಮ್ಮನೆ ತಲೆಯಾಡಿಸಿ ಹೋದಳು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು.

ನಾನು ದಕ್ಷಿಣ ಬೆಂಗಳೂರಿನ ಒಂದು ಹಾಲ್‌ನಲ್ಲಿ ಕೋಚ್. 11 ವರ್ಷ ಬ್ಯಾಡ್ಮಿಂಟನ್ ಕಲಿಸಿದ್ದೇನೆ. ಎರಡು ವರ್ಷದಿಂದ ಪಿಕಲ್‌ಬಾಲ್ ಕೂಡ ಕಲಿಸುತ್ತಿದ್ದೇನೆ. ನಮ್ಮ ಹಾಲ್‌ನಲ್ಲಿ ಹೊಸ ಕೋರ್ಟ್ ಕಟ್ಟಲಿಲ್ಲ. ಇದ್ದ ಬ್ಯಾಡ್ಮಿಂಟನ್ ಕೋರ್ಟ್ ಮೇಲೇ ಬೇರೆ ಬಣ್ಣದ ಗೆರೆ ಎಳೆದರು, ನೆಟ್ ಬದಲಾಯಿಸಿದರು, ಅಷ್ಟೇ. ಎರಡೂ ಕೋರ್ಟ್‌ಗಳ ಹೊರ ಅಳತೆ ಒಂದೇ, 44 ಅಡಿ ಉದ್ದ, 20 ಅಡಿ ಅಗಲ. ಈ ಆಟ ಹುಟ್ಟಿದ್ದೇ ಒಂದು ಹಳೆಯ ಬ್ಯಾಡ್ಮಿಂಟನ್ ಕೋರ್ಟ್ ಮೇಲೆ. 1965ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ. ಮೊದಮೊದಲು ನೆಟ್ ಕೂಡ ಬ್ಯಾಡ್ಮಿಂಟನ್ ಎತ್ತರಕ್ಕೇ ಇತ್ತು. ಬಾಲ್ ನೆಲದಿಂದ ಚೆನ್ನಾಗಿ ಪುಟಿಯುವುದನ್ನು ನೋಡಿ ಕೆಳಗೆ ಇಳಿಸಿದರು. ಈಗ ನೆಟ್ ಎರಡು ತುದಿಯಲ್ಲಿ 36 ಇಂಚು, ನಡುವೆ 34 ಇಂಚು.

ಕೋರ್ಟ್ ಒಂದೇ ಆದ್ದರಿಂದ ನನ್ನ ವಿದ್ಯೆಯೂ ಹಾಗೇ ದಾಟಿ ಬರುತ್ತದೆ ಅಂದುಕೊಂಡಿದ್ದೆ. ಅರ್ಧ ಬಂತು. ಉಳಿದ ಅರ್ಧ ಅಡ್ಡ ಬಂತು.

ಆಡದವರಿಗಾಗಿ ಡಿಂಕ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನೆಟ್‌ನಿಂದ ಎರಡೂ ಕಡೆ 7 ಅಡಿ ಜಾಗಕ್ಕೆ ಕಿಚನ್ ಅನ್ನುತ್ತಾರೆ. ಅದರೊಳಗೆ ಅಥವಾ ಅದರ ಗೆರೆಯ ಮೇಲೆ ಕಾಲಿಟ್ಟು, ಪುಟಿಯದ ಬಾಲನ್ನು ಗಾಳಿಯಲ್ಲೇ ಹೊಡೆಯುವ ಹಾಗಿಲ್ಲ. ಪುಟಿದ ಬಾಲಿಗೆ ಮಾತ್ರ ಯಾವಾಗ ಬೇಕಾದರೂ ಒಳಗೆ ಹೋಗಬಹುದು. ಹಾಗಾಗಿ ಡಬಲ್ಸ್‌ನಲ್ಲಿ ನಾಲ್ಕೂ ಜನ ಕಿಚನ್ ಗೆರೆಯ ಹಿಂದೆ ಬಂದು ನಿಲ್ಲುತ್ತಾರೆ. ಅಲ್ಲಿಂದ ಬಾಲನ್ನು ನೆಟ್ ಮೇಲೆ ಹಗುರವಾಗಿ ದಾಟಿಸಿ ಎದುರಿನವರ ಕಿಚನ್‌ನೊಳಗೆ ಬೀಳಿಸುವುದೇ ಡಿಂಕ್.

ಇದರ ಗುಟ್ಟು ಬಾಲ್‌ನಲ್ಲೇ ಇದೆ. ತೂತುಗಳಿರುವ ಈ ಪ್ಲಾಸ್ಟಿಕ್ ಬಾಲ್ ಜಾಸ್ತಿ ಪುಟಿಯುವುದಿಲ್ಲ. 78 ಇಂಚು ಮೇಲಿನಿಂದ ಬಿಟ್ಟರೆ 30ರಿಂದ 34 ಇಂಚಿನವರೆಗೆ ಮಾತ್ರ ಏಳಬೇಕು ಅನ್ನುವುದು ನಿಯಮ. ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು. ನಿಮ್ಮ ಡಿಂಕ್ 4 ಅಡಿ ಎತ್ತರಕ್ಕೆ ಹೋಗಿ ಬಿದ್ದರೆ, ಪುಟಿದ ಮೇಲೆ ಎರಡು ಅಡಿಯೂ ಏಳುವುದಿಲ್ಲ. ನೆಟ್ ಸುಮಾರು 3 ಅಡಿ. ಅಂದರೆ ಎದುರಿನವರು ನೆಟ್‌ಗಿಂತ ಕೆಳಗಿನ ಬಾಲನ್ನು ಮೇಲಕ್ಕೆತ್ತಲೇಬೇಕು. ಮೇಲಿಂದ ಕೆಳಕ್ಕೆ ಬಡಿಯಲು ದಾರಿಯೇ ಇಲ್ಲ. ಅದೇ ಬಾಲ್ ಸ್ವಲ್ಪ ಎತ್ತರವಾಗಿ, ಗೆರೆಯ ತನಕ ತೇಲಿ ಹೋಯಿತೋ, ಅವರು ಗಾಳಿಯಲ್ಲೇ ಹಿಡಿದು ನಿಮ್ಮ ಕಾಲಿಗೆ ಬಡಿಯುತ್ತಾರೆ. ಪಾಯಿಂಟ್ ಅಲ್ಲಿಗೇ ಮುಗಿಯಿತು.

ಇದನ್ನೆಲ್ಲ ನಾನು ಚೆನ್ನಾಗಿಯೇ ವಿವರಿಸುತ್ತಿದ್ದೆ. ವಿವರಿಸಿ, ಕೊನೆಗೆ “ಮೆಲ್ಲಗೆ ಹೊಡೀರಿ” ಅನ್ನುತ್ತಿದ್ದೆ.

ಪೆಟ್ಟು ಬಿದ್ದದ್ದು ಒಂದು ಆಫೀಸ್ ತಂಡದಿಂದ. ಕಂಪನಿಗಳ ನಡುವಿನ ಪಂದ್ಯಕ್ಕೆ ಆರು ವಾರ ತಯಾರಿ ಮಾಡಿಸಿದ್ದೆ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ನೇರ ಡಿಂಕ್ ಆಡಿಸುತ್ತಿದ್ದೆ. ನಿಲ್ಲದೆ ಎಷ್ಟು ಅಂತ ಜೋರಾಗಿ ಎಣಿಸುತ್ತಿದ್ದರು. ಮೂವತ್ತು, ನಲವತ್ತು, ಒಂದು ದಿನ ಎಪ್ಪತ್ತು ದಾಟಿತು. ಎಲ್ಲರಿಗೂ ಖುಷಿ, ನನಗೂ. ಪಂದ್ಯದ ದಿನ ಮೊದಲ ಸುತ್ತಿನಲ್ಲೇ ಸೋತರು. ಎದುರು ತಂಡ ಏನೂ ವಿಶೇಷ ಆಡಲಿಲ್ಲ. ಒಂದು ಬಾಲ್ ಎಡಕ್ಕೆ, ಒಂದು ಬಲಕ್ಕೆ, ಒಂದು ಇಬ್ಬರ ನಡುವೆ. ಅಷ್ಟಕ್ಕೇ ನಮ್ಮವರ ಡಿಂಕ್ ಎದ್ದು ಕೂತಿತು. ಅವರ ಮುಖ ನೋಡಿ ನನಗೆ ತುಂಬ ಬೇಜಾರಾಯಿತು. ಆರು ವಾರ ಬೆಳಿಗ್ಗೆ ಐದಕ್ಕೆ ಎದ್ದು ಬಂದವರು ಅವರು.

ಯಾರೋ ಆ ಮ್ಯಾಚನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ದರು. ರಾತ್ರಿ ಕೂತು, ತಡೆದು ತಡೆದು ನೋಡಿದೆ. ಬಾಲ್ ಮೇಲಕ್ಕೆದ್ದ ಪ್ರತಿ ಸಲವೂ ಸ್ವಲ್ಪ ಹಿಂದಕ್ಕೆ ಹೋಗಿ, ಹೊಡೆದ ಕ್ಷಣದಲ್ಲಿ ನಿಲ್ಲಿಸಿದೆ. ಮೊದಲು ಕೈ ನೋಡುತ್ತಿದ್ದೆ. ಮಣಿಕಟ್ಟು ತಿರುಗುತ್ತಿತ್ತು, ಅದು ಗೊತ್ತಿದ್ದ ತಪ್ಪೇ. ಎಂಟೋ ಹತ್ತೋ ಬಾಲ್ ಆದ ಮೇಲೆ ಕಣ್ಣು ಕೆಳಗಿಳಿಯಿತು. ಹೆಚ್ಚುಕಡಿಮೆ ಪ್ರತಿ ಸಲವೂ ಒಂದು ಕಾಲು ಇನ್ನೂ ಗಾಳಿಯಲ್ಲಿತ್ತು. ಇಲ್ಲವೇ ಬಾಲ್ ಸೊಂಟದ ಪಕ್ಕ ಬಂದುಬಿಟ್ಟಿತ್ತು, ಮುಂದೆ ಇರಲಿಲ್ಲ. ಕಾಲು ತಡವಾಗಿ ಬಂದಿದೆ. ಕೈ ಉದ್ದ ಚಾಚಿದೆ. ಚಾಚಿದ ಕೈಯಲ್ಲಿ ಭುಜದಿಂದ ತಳ್ಳಲು ಆಗುವುದಿಲ್ಲ, ಆದ್ದರಿಂದ ಮಣಿಕಟ್ಟು ಕೆಲಸಕ್ಕೆ ಇಳಿದಿದೆ. ಮಣಿಕಟ್ಟು ಎತ್ತಿದ ಬಾಲ್ ಮೇಲಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ?

ಆಗ ಆ ಹುಡುಗಿಯ ಪ್ರಶ್ನೆ ನೆನಪಾಯಿತು. ಅವಳು ನಿಜಕ್ಕೂ ಮೆಲ್ಲಗೇ ಹೊಡೆಯುತ್ತಿದ್ದಳು. ನಾನು ಮೆಲ್ಲಗೆ ಅಂದಾಗ ಅವಳ ಕೈ ಮಾತ್ರವಲ್ಲ, ಮೈಯೆಲ್ಲ ಮೆಲ್ಲಗಾಗುತ್ತಿತ್ತು. ಕಾಲು ಕೂಡ. ಹೊಡೆತ ಹಗುರ ಅಂದಮೇಲೆ ಓಡುವುದೇನಿದೆ ಅಂತ ದೇಹ ತಾನೇ ತೀರ್ಮಾನ ಮಾಡುತ್ತದೆ. ನೇರ ಡಿಂಕ್ ಎಣಿಸಿ ಆಡುವಾಗ ಇದು ಕಾಣುವುದಿಲ್ಲ, ಬಾಲ್ ಕಾಲ ಬುಡಕ್ಕೇ ಬರುತ್ತಿರುತ್ತದೆ. ಡಿಂಕ್‌ನಲ್ಲಿ ಹಗುರವಾಗಿರಬೇಕಾದದ್ದು ಕೈ ಒಂದೇ. ಕಾಲು ಸ್ಮ್ಯಾಶ್‌ಗೆ ಓಡುವಷ್ಟೇ ಚುರುಕಾಗಿರಬೇಕು. ಮೊದಲು ಹೋಗಿ ಸೇರಬೇಕು, ನಿಲ್ಲಬೇಕು, ಆಮೇಲೆ ತಳ್ಳಬೇಕು. ನಾನು ಕೊಟ್ಟ ಒಂದು ಮಾತೇ ಇದನ್ನು ತಡೆಯುತ್ತಿತ್ತು.

ಮರುದಿನದಿಂದ ಆ ಮಾತು ಬಿಟ್ಟೆ. ಸುಲಭ ಆಗಲಿಲ್ಲ, ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು. ಬದಲಿಗೆ “ಕಾಲು, ನಿಲ್ಲಿ, ತಳ್ಳಿ” ಅನ್ನತೊಡಗಿದೆ. ವಾರದ ಮೊದಲ ಎರಡು ದಿನ ಪ್ಯಾಡಲ್, ಅಂದರೆ ಈ ಆಟದ ಬ್ಯಾಟ್, ಇಲ್ಲದೆ ಆಡಿಸಿದೆ. ನಾನು ನೆಟ್‌ನ ಆಚೆಯಿಂದ ಬಾಲ್ ಎಸೆಯುತ್ತೇನೆ, ಎಡಕ್ಕೆ ಬಲಕ್ಕೆ. ಅವರು ಅಡ್ಡಡ್ಡ ಸರಿದು, ಬಾಲ್ ಒಂದು ಸಲ ಪುಟಿದ ಮೇಲೆ, ಎರಡೂ ಮೊಣಕಾಲಿನ ಮುಂದೆ ಬಾಲನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಕೈ ಚಾಚಿ ಹಿಡಿದರೆ ಲೆಕ್ಕಕ್ಕಿಲ್ಲ. ದೊಡ್ಡವರಿಗೆ ಮೊದಲು ನಾಚಿಕೆ. ಹತ್ತು ನಿಮಿಷದಲ್ಲಿ ಬೆವರು ಇಳಿದಾಗ, ಡಿಂಕ್‌ಗೆ ಇಷ್ಟು ಓಡಬೇಕಾ ಅಂತ ಅವರಿಗೇ ಆಶ್ಚರ್ಯ. ಸೊಂಟದಿಂದ ಬಗ್ಗುವವರು ಬೇಗ ಸುಸ್ತಾಗುತ್ತಾರೆ. ಮೊಣಕಾಲು ಮಡಿಸಿದವರು ನಿಲ್ಲುತ್ತಾರೆ.

ಕಾಲು ಸರಿಹೋದ ಮೇಲೂ ಕೆಲವರ ಬಾಲ್ ಏಳುತ್ತಲೇ ಇತ್ತು. ಅದು ಹಿಡಿತದ ತೊಂದರೆ. ಪ್ಯಾಡಲ್‌ನ ಮುಖ ಗಟ್ಟಿ, ರಾಕೆಟ್‌ನ ಹಾಗೆ ತಂತಿ ಇಲ್ಲ. ಬಿಗಿಯಾಗಿ ಹಿಡಿದರೆ ಬಾಲ್ ಗೋಡೆಗೆ ಬಿದ್ದಂತೆ ಚಿಮ್ಮುತ್ತದೆ. “ಸಡಿಲ ಹಿಡೀರಿ” ಅಂದರೆ ಪ್ಯಾಡಲ್ ಅಲ್ಲಾಡುವಷ್ಟು ಸಡಿಲ ಮಾಡುತ್ತಾರೆ, ಹತ್ತರಲ್ಲಿ ಮೂರರಷ್ಟು ಬಿಗಿ ಅಂದರೆ ಯಾರಿಗೂ ಅಂದಾಜು ಸಿಗುವುದಿಲ್ಲ. ಇದಕ್ಕೆ ಸರಿಯಾದ ಮಾತು ಕೊಟ್ಟವರು ನಮ್ಮ ಬ್ಯಾಚ್‌ನ ಒಬ್ಬ ಹಿರಿಯರು. ಮೂವತ್ತು ವರ್ಷಕ್ಕಿಂತ ಹೆಚ್ಚು ಬಸ್ ಓಡಿಸಿ ನಿವೃತ್ತರಾದವರು. ಮಗಳು ಸೇರಿಸಿದ್ದಳು. ಒಂದು ದಿನ ನಾನು ಪಕ್ಕದವನಿಗೆ ಹಿಡಿತ ಹೇಳಿಕೊಡಲು ಒದ್ದಾಡುತ್ತಿದ್ದಾಗ ಅವರು ಬಂದು ಹೇಳಿದರು:

“ಹಾಫ್ ಕ್ಲಚ್ ಅಲ್ವಾ ಮೇಷ್ಟ್ರೇ ಇದು? ಏರಿನಲ್ಲಿ ಗಾಡಿ ನಿಲ್ಲಿಸಿ ತೆಗೀಬೇಕಾದ್ರೆ ಕಾಲು ಪೂರ್ತಿ ಒತ್ತಲ್ಲ, ಪೂರ್ತಿ ಬಿಡಲ್ಲ. ಗಾಡಿ ಹಿಂದಕ್ಕೂ ಜಾರಬಾರ್ದು, ಮುಂದಕ್ಕೂ ನೆಗೀಬಾರ್ದು.”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಾಡಿ ಓಡಿಸುವವರಿಗೆ ಹಾಫ್ ಕ್ಲಚ್ ಗೊತ್ತಿರದೆ ಇರುತ್ತದಾ? ಅವತ್ತಿನಿಂದ ಗೇರ್ ಇರುವ ಗಾಡಿ ಓಡಿಸುವವರಿಗೆಲ್ಲ ಅದೇ ಮಾತು. ಆ ಹಿರಿಯರ ಡಿಂಕ್ ಈಗ ನಮ್ಮ ಬ್ಯಾಚ್‌ನಲ್ಲೇ ಚೆಂದ. ಹಿಂದಕ್ಕೆ ಬೀಸುವುದಿಲ್ಲ. ಪ್ಯಾಡಲ್ ಮೊದಲೇ ಮುಂದಿರುತ್ತದೆ. ಬಾಲ್‌ಗೆ ತಾಗಿಸಿ, ಭುಜದಿಂದ ಒಂದು ಗೇಣು ಎತ್ತಿ ತಳ್ಳುತ್ತಾರೆ, ಮತ್ತೆ ಪ್ಯಾಡಲ್ ಎದೆ ಮುಂದೆ.

ಬ್ಯಾಡ್ಮಿಂಟನ್‌ನಿಂದ ಬಂದವರ ಕಷ್ಟ ಬೇರೆ. ಅದು ನನ್ನದೂ ಆಗಿತ್ತು, ಆದ್ದರಿಂದ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಬ್ಯಾಡ್ಮಿಂಟನ್‌ನಲ್ಲಿ ಶಟಲ್ ನೆಲ ಮುಟ್ಟಿದರೆ ಕಥೆ ಮುಗಿಯಿತು. ನೆಟ್ ಹತ್ತಿರ ಅದನ್ನು ಎಷ್ಟು ಮೇಲೆ, ಎಷ್ಟು ಬೇಗ ಮುಟ್ಟಿದರೆ ಅಷ್ಟು ಒಳ್ಳೆಯದು, ಕೆಲಸವೆಲ್ಲ ಬೆರಳಿನದು. ಇಲ್ಲಿ ಬಾಲ್ ಬಿದ್ದು ಏಳುವ ತನಕ ಕಾಯಬೇಕು. ಆ ಅರೆಕ್ಷಣ ನಮ್ಮವರಿಗೆ ತಡೆಯಲಾಗುವುದಿಲ್ಲ. ಇನ್ನೊಂದು, ನೆಟ್ ಶಾಟ್ ಆಡಿದ ಕೂಡಲೇ ಕೋರ್ಟಿನ ನಡುವಿಗೆ ಹಿಂದೆ ಸರಿಯುವುದು ಬ್ಯಾಡ್ಮಿಂಟನ್ ಆಟಗಾರನ ರಕ್ತದಲ್ಲೇ ಇದೆ. ನಾನೇ ಎಷ್ಟೋ ಮಕ್ಕಳಿಗೆ ಕಿರುಚಿ ಕಲಿಸಿದ್ದೇನೆ. ಪಿಕಲ್‌ಬಾಲ್‌ನಲ್ಲಿ ಡಿಂಕ್ ಆಡಿ ಎರಡು ಹೆಜ್ಜೆ ಹಿಂದೆ ಹೋದರೆ ಮುಂದಿನ ಬಾಲ್ ಕಾಲ ಮೇಲೇ ಬೀಳುತ್ತದೆ. ಇಲ್ಲಿ ಮನೆ ಕಿಚನ್ ಗೆರೆಯೇ. ಬಾಲ್‌ಗಾಗಿ ಒಳಗೆ ಹೋದರೂ ಗೆರೆಯ ಹಿಂದಕ್ಕೆ ಬಂದು ಅಲ್ಲೇ ನಿಲ್ಲಬೇಕು.

ಆ ಗೆರೆಯಲ್ಲೂ ಒಂದು ತೊಡಕಿದೆ. ಬ್ಯಾಡ್ಮಿಂಟನ್‌ನ ಸರ್ವಿಸ್ ಗೆರೆ ನೆಟ್‌ನಿಂದ 6 ಅಡಿ 6 ಇಂಚು, ಕಿಚನ್ ಗೆರೆ 7 ಅಡಿ. ಎರಡೂ ನಮ್ಮ ನೆಲದ ಮೇಲೆ ಅರ್ಧ ಅಡಿ ಅಂತರದಲ್ಲಿವೆ. ವರ್ಷಗಟ್ಟಲೆ ಆಡಿದ ಕಾಲು ಹಳೆಯ ಗೆರೆಗೇ ಹೋಗಿ ನಿಲ್ಲುತ್ತದೆ, ಅಂದರೆ ಕಿಚನ್ ಒಳಗೆ. ಅಲ್ಲಿಂದ ಗಾಳಿಯಲ್ಲಿ ಹೊಡೆದರೆ ಫೌಲ್. ಪಿಕಲ್‌ಬಾಲ್ ಸಮಯದಲ್ಲಿ ಹಳೆಯ ಗೆರೆಯ ಮೇಲೆ ಟೇಪ್ ಅಂಟಿಸಿ ಮುಚ್ಚುತ್ತಿದ್ದೇವೆ. ಇದು ಮೊದಲ ತಿಂಗಳಲ್ಲೇ ಮಾಡಬೇಕಿದ್ದ ಕೆಲಸ.

ಎತ್ತರಕ್ಕೆ ಒಂದು ದಾರ ಕಟ್ಟಿದ್ದೇನೆ. ನೆಟ್ ಮೇಲೆ ಒಂದೂವರೆ ಅಡಿಗೆ, ಪಕ್ಕದ ಕಂಬಗಳಿಗೆ. ಬಾಲ್ ನೆಟ್‌ಗೂ ದಾರಕ್ಕೂ ನಡುವೆ ಹೋಗಬೇಕು. ಅದಕ್ಕಿಂತ ಮುಖ್ಯ, ಬಾಲ್ ತನ್ನ ತುದಿ ಎತ್ತರವನ್ನು ನಮ್ಮ ಕಡೆಯೇ ಮುಟ್ಟಿ, ನೆಟ್ ದಾಟುವಾಗ ಇಳಿಯುತ್ತಿರಬೇಕು. ಏರುತ್ತಾ ದಾಟಿದ ಬಾಲ್ ಎದುರಿನವರ ಕೈಗೆ ಹೋಗುತ್ತದೆ. ಇಳಿಯುತ್ತಾ ದಾಟಿದ್ದು ಅವರ ಕಾಲಿಗೆ ಬೀಳುತ್ತದೆ.

ನೇರ ಡಿಂಕ್ ಎಣಿಸಿ ಆಡಿಸುವುದನ್ನು ಈಗ ಬರೀ ಮೈ ಬಿಸಿ ಮಾಡಲು ಇಟ್ಟುಕೊಂಡಿದ್ದೇನೆ. ಆಮೇಲೆಲ್ಲ ಮೂಲೆಯಿಂದ ಮೂಲೆಗೆ. ನೇರವಾದರೆ ಒಂದು ಗೆರೆಯಿಂದ ಇನ್ನೊಂದು ಗೆರೆಗೆ 14 ಅಡಿ. ಓರೆಯಾಗಿ ಮೂಲೆಗೆ ಮೂಲೆ 24 ಅಡಿಗೂ ಮೇಲೆ. ಬಾಲ್ ಇಳಿಯಲು ಹತ್ತು ಅಡಿ ಜಾಸ್ತಿ ಜಾಗ. ಜೊತೆಗೆ ನೆಟ್‌ನ ತಗ್ಗು ನಡುಭಾಗದ ಮೇಲೇ ದಾಟಿಸಬಹುದು. ತಪ್ಪಾಗುವ ಸಂಭವ ಕಡಿಮೆ, ಕಾಲಿಗೆ ಕೆಲಸ ಹೆಚ್ಚು. ಏಳು ಪಾಯಿಂಟ್‌ನ ಆಟ ಆಡಿಸುತ್ತೇನೆ, ಕಿಚನ್ ಹೊರಗೆ ಬಿದ್ದರೆ ಪಾಯಿಂಟ್ ಹೋಯಿತು. ಬಾಲ್ ನೆಟ್‌ಗಿಂತ ಮೇಲೆ ಎದ್ದರೆ ಮಾತ್ರ ಜೋರಾಗಿ ಹೊಡೆಯಲು ಒಪ್ಪಿಗೆ. ಈ ಕೊನೆಯ ನಿಯಮ ಹುಡುಗರಿಗೆ ತುಂಬ ಕಷ್ಟ. ನಾಲ್ಕನೇ ಡಿಂಕ್‌ಗೇ ಕೈ ತುರಿಸುತ್ತದೆ, ಕೆಳಗಿನ ಬಾಲನ್ನೇ ಬೀಸಿ ನೆಟ್‌ಗೆ ಹೊಡೆಯುತ್ತಾರೆ. ಬೈಯುವುದಿಲ್ಲ. ಸ್ಕೋರ್ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ.

ಆ ಹುಡುಗಿಗೆ ಎರಡು ತಿಂಗಳು ತಡವಾಗಿ ಉತ್ತರ ಕೊಟ್ಟೆ. ಕಾಫಿ ಕುಡಿಯುತ್ತಾ ಫೋನ್‌ನಲ್ಲಿ ಅವಳದೇ ಎರಡು ವಿಡಿಯೋ ತೋರಿಸಿದೆ, ಹಳೆಯದೊಂದು, ಹೊಸದೊಂದು. “ಅಯ್ಯೋ, ಇಲ್ಲಿ ನನ್ನ ಕಾಲೇ ಬಂದಿಲ್ವಲ್ಲ ಸರ್” ಅಂದಳು. ಹೌದು ಅಂದೆ. “ನೀವು ಅವತ್ತೇ ಹೇಳ್ಬಾರ್ದಿತ್ತಾ?” ಅಂದಳು. ನನಗೂ ಅವತ್ತು ಗೊತ್ತಿರಲಿಲ್ಲ ಅಂತ ಇದ್ದದ್ದನ್ನೇ ಹೇಳಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಮುಂದಿನ ಪ್ರಶ್ನೆ ಅವಳ ಬಳಿ ಆಗಲೇ ತಯಾರಿತ್ತು. ಬಾಲ್ ಪುಟಿಯುವ ಮೊದಲೇ ಗಾಳಿಯಲ್ಲಿ ತೆಗೆದುಕೊಂಡು ಡಿಂಕ್ ಮಾಡುವುದು ಯಾವಾಗ, ಬಿಟ್ಟು ಕಾಯುವುದು ಯಾವಾಗ? ಎದುರಿನವರಿಗೆ ಸಮಯ ಕೊಡದಿರಲು ಗಾಳಿಯಲ್ಲಿ ತೆಗೆದುಕೊಳ್ಳುವುದೇ ಒಳ್ಳೆಯದು, ಆದರೆ ಚಾಚಿ ತೆಗೆದುಕೊಂಡರೆ ಹಳೆಯ ತಪ್ಪೇ ಮತ್ತೆ. ಈ ಸಲ “ಪ್ರಾಕ್ಟೀಸ್ ಮಾಡಿ, ಬರತ್ತೆ” ಅನ್ನಲಿಲ್ಲ. ಶನಿವಾರ ಅರ್ಧ ಗಂಟೆ ಬೇಗ ಬಾ, ಇಬ್ಬರೂ ಸೇರಿ ನೋಡೋಣ ಅಂದಿದ್ದೇನೆ.