ಮೌಡ್ ಲೂಯಿಸ್ ಮನೆ: ಒಂದು ಅಡಿಗೆ ಒಂದು ಇಂಚು

ಮೊದಲ ವಾರ

'ಮೌಡಿ' ಸಿನಿಮಾ ನೋಡಿ ನಾಲ್ಕು ದಿನವಾದರೂ ಆ ಮನೆ ತಲೆಯಿಂದ ಹೋಗಲಿಲ್ಲ. ಬಾಗಿಲ ಮೇಲೆ ಹೂವು, ಮೆಟ್ಟಿಲ ಮೇಲೆ ಹೂವು, ಒಲೆಯ ಮೇಲೂ ಹೂವು. ಕೊನೆಗೆ ಫೋಮ್ ಬೋರ್ಡು (ಎರಡು ಕಾಗದದ ನಡುವೆ ಹಗುರ ಫೋಮ್ ಇರುವ ರಟ್ಟು), ಕಟ್ಟರು, ಸ್ಕೇಲು ತೆಗೆದುಕೊಂಡು ಕೂತೆ. ಆ ಮನೆಯ ಪುಟ್ಟ ಮಾದರಿ ಮಾಡಬೇಕು ಅಂತ.

ಸಿನಿಮಾ ನೋಡದವರಿಗೆ ಸ್ವಲ್ಪ ಹಿನ್ನೆಲೆ. ಇದು ಕೆನಡಾದ ನೋವಾ ಸ್ಕೋಶಿಯಾದ ಚಿತ್ರಕಾರ್ತಿ ಮೌಡ್ ಲೂಯಿಸ್ ಕಥೆ. 2016ರಲ್ಲಿ ಬಂತು. ಮೌಡ್ ಪಾತ್ರದಲ್ಲಿ ಸ್ಯಾಲಿ ಹಾಕಿನ್ಸ್, ಗಂಡ ಎವರೆಟ್ ಪಾತ್ರದಲ್ಲಿ ಈಥನ್ ಹಾಕ್. ಮೌಡ್‌ಗೆ ಚಿಕ್ಕಂದಿನಿಂದಲೇ ಸಂಧಿವಾತ, ಬೆರಳುಗಳು ಸೊಟ್ಟ. ಎವರೆಟ್ ಮೀನು ಮಾರುವವನು. ಮನೆಗೆಲಸಕ್ಕೆ ಹೆಂಗಸು ಬೇಕು ಅಂತ ಅವನು ಹಾಕಿದ ಚೀಟಿ ನೋಡಿ ಇವಳು ಅಲ್ಲಿಗೆ ಹೋದಳು. 1938ರಲ್ಲಿ ಮದುವೆಯಾಯಿತು. 1970ರಲ್ಲಿ ಅವಳು ಸಾಯುವ ತನಕ, ಅಂದರೆ 32 ವರ್ಷ, ಇಬ್ಬರೂ ಡಿಗ್ಬಿ ಹತ್ತಿರದ ಮಾರ್ಷಲ್‌ಟೌನ್‌ನಲ್ಲಿ ಅದೇ ಮನೆಯಲ್ಲಿದ್ದರು. ಇರುವುದು ಒಂದೇ ಕೋಣೆ, ಮಲಗೋಕೆ ಮೇಲೊಂದು ಅಟ್ಟ. ಕರೆಂಟಿಲ್ಲ, ನಲ್ಲಿಯಿಲ್ಲ.

ಕೋಣೆ ಸುಮಾರು 13 ಅಡಿ ಉದ್ದ, 12 ಅಡಿ ಅಗಲ. ನಾನು ಹಿಡಿದ ಅಳತೆ ಒಂದು ಅಡಿಗೆ ಒಂದು ಇಂಚು. ಲೆಕ್ಕ ಸುಲಭ. ಗೋಡೆ ನಾಲ್ಕೂ ಕತ್ತರಿಸಿದೆ, ಅಂಟಿಸಿಲ್ಲ.

ಎರಡನೇ ವಾರ

ಗೋಡೆ ಎರಡು ಸೊಟ್ಟಗಾದವು. ತಪ್ಪು ನನ್ನದೇ. ಒಂದೇ ಬದಿಗೆ ನೀರುನೀರಾದ ಬಣ್ಣ ಹೊಡೆದಿದ್ದೆ. ಫೋಮ್ ಬೋರ್ಡಿನ ಒಂದು ಮೈಯ ಕಾಗದ ನೆಂದು ಒಣಗುವಾಗ ಎಳೆಯುತ್ತದೆ, ಹಪ್ಪಳದ ಹಾಗೆ ಬಾಗುತ್ತದೆ. ಎರಡೂ ಕಡೆ ತೆಳ್ಳಗೆ ಹೊಡೆದು, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಟ್ಟ ಮೇಲೆ ದಾರಿಗೆ ಬಂತು.

ಒಲೆ, ಮೇಜು, ಮೆಟ್ಟಿಲು ರಟ್ಟಿನಲ್ಲೇ ಮಾಡಿ ಒಳಗಿಟ್ಟೆ. ಆಮೇಲೆ ಸುಮ್ನೆ ಕುತೂಹಲಕ್ಕೆ ಅದೇ ಅಳತೆಯಲ್ಲಿ ಇಬ್ಬರು ಮನುಷ್ಯರನ್ನೂ ಕತ್ತರಿಸಿ ನಿಲ್ಲಿಸಿದೆ. ಜಾಗವೇ ಇಲ್ಲ! ಒಬ್ಬರು ಒಲೆ ಹತ್ತಿರ ನಿಂತರೆ ಇನ್ನೊಬ್ಬರು ಕಿಟಕಿಗೆ ಒತ್ತರಿಸಿಕೊಂಡು ಕೂರಬೇಕು.

ಸಿನಿಮಾ ನೋಡುವಾಗ ಇದು ನನಗೆ ಹೊಳೆದೇ ಇರಲಿಲ್ಲ. ಕ್ಯಾಮೆರಾ ಬಾಗಿಲಾಚೆ ಹೋಗುತ್ತದೆ, ಬಯಲು ಕಾಣುತ್ತದೆ, ಸಮುದ್ರ ಕಾಣುತ್ತದೆ. ಅಂದಹಾಗೆ ಅದು ನೋವಾ ಸ್ಕೋಶಿಯಾ ಅಲ್ಲ, ಚಿತ್ರೀಕರಣ ಆಗಿದ್ದು ನ್ಯೂಫೌಂಡ್‌ಲ್ಯಾಂಡ್‌ನಲ್ಲಿ. ಈ ಮನೆಯಲ್ಲಿ ಮೊದಲು ನಾನು, ಆಮೇಲೆ ನಾಯಿ, ಕೋಳಿ, ಕೊನೆಗೆ ನೀನು ಅನ್ನೋ ಅರ್ಥದಲ್ಲಿ ಎವರೆಟ್ ಅವಳಿಗೆ ಗದರಿಸುವ ದೃಶ್ಯ ಇದೆ. ಒಮ್ಮೆ ಹೊಡೆಯುತ್ತಾನೆ ಕೂಡ. ರಟ್ಟಿನ ಮನೆ ಮುಂದಿಟ್ಟುಕೊಂಡು ಅದನ್ನೇ ಮತ್ತೆ ನೋಡಿದೆ. ಸಿಟ್ಟು ಬಂದರೆ, ಅಳು ಬಂದರೆ ಎದ್ದು ಹೋಗೋಕೆ ಅವಳಿಗೆ ಇನ್ನೊಂದು ಕೋಣೆ ಇಲ್ಲ. ಹೊರಗೆ ಚಳಿ. ಅವಳ ಕಾಲು ಬೇರೆ ಸರಿಯಿಲ್ಲ.

ಮೂರನೇ ವಾರ

ಈ ವಾರ ಪೂರ್ತಿ ಕಿಟಕಿಗೇ ಹೋಯಿತು.

ಮೌಡ್ ಕೂರುತ್ತಿದ್ದ ಜಾಗ ಅದು. ಬೆಳಕಿಗಾಗಿ. ಟಿವಿ ಮುಂದೆ ಊಟಕ್ಕಿಟ್ಟುಕೊಳ್ಳುವಂಥ ಸಣ್ಣ ಮಡಚುವ ಮೇಜೇ ಅವಳ ಈಸೆಲ್, ಅಂದರೆ ಚಿತ್ರ ಇಟ್ಟುಕೊಂಡು ಬರೆಯುವ ಸ್ಟ್ಯಾಂಡು. ಬಣ್ಣ ಹಾಕಿಕೊಳ್ಳೋಕೆ ಖಾಲಿ ಸಾರ್ಡೀನ್ ಮೀನಿನ ಡಬ್ಬಿ. ತೋಳು ಜಾಸ್ತಿ ಚಾಚೋಕೆ ಆಗದ್ದರಿಂದ ಚಿತ್ರಗಳೂ ಚಿಕ್ಕವೇ. ಕಿಟಕಿಯ ಗಾಜಿನ ಮೇಲೆ ಟ್ಯುಲಿಪ್ ಹೂವು ಬರೆದಿದ್ದಳು.

ಗಾಜಿಗೆ ನಾನು ಓಎಚ್‌ಪಿ ಹಾಳೆ, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿದೆ. ಸೊನ್ನೆ ನಂಬರ್ ಬ್ರಷ್ಷಿನಲ್ಲಿ ಅಕ್ರಿಲಿಕ್ ಹಚ್ಚಿ ಒಂದೊಂದೇ ಟ್ಯುಲಿಪ್ ಬರೆದೆ. ಚೆನ್ನಾಗಿಯೇ ಬಂದಿತ್ತು. ಮಾರನೇ ದಿನ ಉಗುರು ತಾಗಿದ್ದಕ್ಕೆ ಒಂದು ಹೂವು ಹಾಗೇ ಸಿಪ್ಪೆ ಸುಲಿದ ಹಾಗೆ ಕಿತ್ತು ಬಂತು. ಹಾಳೆಯ ಮೈ ನುಣುಪು, ಬಣ್ಣ ಹಿಡಿಯೋಕೆ ಅಲ್ಲಿ ಏನೂ ಇಲ್ಲ. ಸ್ಯಾಂಡ್ ಪೇಪರಿನಿಂದ ಉಜ್ಜಿ ನೋಡಿದೆ. ಬಣ್ಣವೇನೋ ನಿಂತಿತು, ಆದರೆ ಗಾಜು ಮಂಜು ಮುಸುಕಿದ ಹಾಗಾಯಿತು. ಎರಡು ಕಿಟಕಿ ಕಸದ ಬುಟ್ಟಿಗೆ.

ಕೊನೆಗೆ ಕೆಲಸಕ್ಕೆ ಬಂದದ್ದು ಎನಾಮೆಲ್. ಆಗ ಹೊಳೆಯಿತು, ಮೌಡ್‌ಗೆ ಸಿಗುತ್ತಿದ್ದ ಬಣ್ಣಗಳಲ್ಲಿ ದೋಣಿಗೆ ಬಳಿಯುವ ಬಣ್ಣವೂ ಇತ್ತಲ್ವಾ! ಅದನ್ನು ಅವಳ ಬಡತನದ ಗುರುತು ಅಂತಷ್ಟೇ ತಿಳಿದಿದ್ದೆ. ಆದರೆ ಉಪ್ಪುನೀರು ತಡೆಯೋಕೆ ಅಂತಲೇ ಮಾಡಿದ ಬಣ್ಣ ಅದು. ತಗಡು, ಮರ, ಗಾಜು, ಎಲ್ಲಕ್ಕೂ ಕಚ್ಚಿಕೊಳ್ಳುತ್ತದೆ. ಒಲೆ, ಬ್ರೆಡ್ ಡಬ್ಬಿ, ಕಸದ ಮೊರ ಯಾವುದನ್ನೂ ಬಿಡದೆ ಹೂವು ಬರೆಯೋಕೆ ಅಂಥದ್ದೇ ಬೇಕು.

ಅವಳಂತೆ ಬಣ್ಣ ಬೆರೆಸದೆ ಬರೆದು ನೋಡಿದೆ. ಕೆಂಪು ಅಂದರೆ ಕೆಂಪೇ. ನೆರಳು ಹಾಕಬಾರದು. ಕೈ ತಾನಾಗೇ ನೆರಳಿಗೆ ಹೋಗುತ್ತದೆ, ತಡೆಯೋದು ಕಷ್ಟ.

ಐದನೇ ವಾರ

ನಾಲ್ಕನೇ ವಾರ ರಟ್ಟಿನ ಮನೆಗೆ ಕೈ ಹಾಕಲಿಲ್ಲ. ಎವರೆಟ್ ಬಗ್ಗೆ ಓದುತ್ತಾ ಕೂತಿದ್ದೆ.

ಸಿನಿಮಾದಲ್ಲಿ ಅವನು ನಿಧಾನವಾಗಿ ಕರಗುತ್ತಾನೆ. ಮದುವೆ ದಿನ ಅವಳು ಅವನ ಪಾದದ ಮೇಲೆ ಪಾದ ಇಟ್ಟು ಕುಣಿಯುವ ದೃಶ್ಯ ನನಗೂ ಇಷ್ಟ. ಆದರೆ ನಿಜದ ಎವರೆಟ್ ಮಹಾ ಜಿಪುಣ. ಮೌಡ್ ಬರೆದ ಚಿತ್ರ ಎರಡು ಮೂರು ಡಾಲರಿಗೆ ಮಾರಾಟವಾಗುತ್ತಿತ್ತು, ದುಡ್ಡು ಅವನ ಕೈಗೆ. ಅದನ್ನು ಬಚ್ಚಿಡುತ್ತಿದ್ದ. ಮೌಡ್ ಹೋದ ಮೇಲೂ ಅದೇ ಮನೆಯಲ್ಲಿದ್ದ, 1979ರಲ್ಲಿ ಕಳ್ಳತನಕ್ಕೆ ನುಗ್ಗಿದವನ ಕೈಯಲ್ಲಿ ಸತ್ತ. ಇದು ಸಿನಿಮಾದಲ್ಲಿಲ್ಲ. ಹಾಗಂತ ಬರೀ ಕೆಟ್ಟವನು ಅನ್ನೋಕೂ ಆಗುವುದಿಲ್ಲ. ಅವಳ ಕೈಲಿ ಆಗದ ಅಡುಗೆ, ಮನೆಗೆಲಸ ಅವನು ಮಾಡುತ್ತಿದ್ದ. ಅವಳು ಬರೆಯುತ್ತಿದ್ದಳು.

ಸಿನಿಮಾ ಇದನ್ನು ಪ್ರೀತಿ ಅನ್ನುತ್ತದೆ. ನಾನು ಅಷ್ಟು ಸುಲಭವಾಗಿ ಒಪ್ಪಲಾರೆ. ಸಿನಿಮಾದ ಕೊನೆಗೆ ನಿಜವಾದ ಮೌಡ್, ಎವರೆಟ್ ಇರುವ ಹಳೆಯ ಕಪ್ಪುಬಿಳುಪು ತುಣುಕು ಬರುತ್ತದೆ. ಮೌಡ್ ನಗುತ್ತಾಳೆ. ಅದನ್ನು ಎಷ್ಟು ಸಲ ನಿಲ್ಲಿಸಿ ನೋಡಿದೆನೋ, ಆ ನಗು ಅವನಿಗೋ ಕ್ಯಾಮೆರಾಗೋ ಅಂತ ತಿಳಿಯಲಿಲ್ಲ.

ನಿಜವಾದ ಮನೆಯನ್ನು 1984ರಲ್ಲಿ ಸರ್ಕಾರ ಕೊಂಡಿತು. ದುರಸ್ತಿಯಾಗಿ ಈಗ ಹ್ಯಾಲಿಫ್ಯಾಕ್ಸ್‌ನ ಆರ್ಟ್ ಗ್ಯಾಲರಿ ಆಫ್ ನೋವಾ ಸ್ಕೋಶಿಯಾದಲ್ಲಿದೆ. 2022ರಲ್ಲಿ ಅವಳದೊಂದು ಚಿತ್ರ ಹರಾಜಿನಲ್ಲಿ 3,50,000 ಕೆನಡಾ ಡಾಲರಿಗೆ ಹೋಯಿತು. ಎವರೆಟ್ ಕೇಳಿದ್ದರೆ ಆ ದುಡ್ಡನ್ನು ಎಲ್ಲಿ ಹೂಳುತ್ತಿದ್ದನೋ!

ಈಗಿನ ಸ್ಥಿತಿ: ಗೋಡೆ ನಿಂತಿದೆ, ಕಿಟಕಿ ಕೂತಿದೆ, ಮೆಟ್ಟಿಲಿಗೆ ಬಣ್ಣ ಅರ್ಧ. ಬಾಗಿಲ ಹಕ್ಕಿಗಳು ಬಾಕಿ. ಮೌಡ್ ಕಿಟಕಿ ಹತ್ತಿರ ಕೂತಿದ್ದಾಳೆ. ಎವರೆಟ್‌ನನ್ನು ಮೊದಲು ಅವಳ ಹಿಂದೆ ನಿಲ್ಲಿಸಿದ್ದೆ, ಕಾವಲು ಕಾದ ಹಾಗಿತ್ತು. ತೆಗೆದು ಒಲೆ ಕಡೆ ತಿರುಗಿಸಿದೆ. ಈಗ ಅವನ ಬೆನ್ನು ಮಾತ್ರ ಕಾಣುತ್ತದೆ. ಇನ್ನೂ ಅಂಟಿಸಿಲ್ಲ.