ಡಾರ್ಸಿ ಬ್ಲೂಸ್ ಬಿಟ್ಟು ಚರ್ಚ್‌ಗೆ ಬಂದರಾ?

ಗಾಸ್ಪೆಲ್, ಅಂದರೆ ಅಮೆರಿಕದ ಕರಿಯ ಜನರ ಚರ್ಚ್ ಸಂಗೀತದ ಮಾತು ಬಂದಾಗೆಲ್ಲ ನಾನು ಥಾಮಸ್ ಎ. ಡಾರ್ಸಿ ಹೆಸರು ಎತ್ತುತ್ತೇನೆ. ಆಗ ತಪ್ಪದೆ ಬರುವ ಪ್ರಶ್ನೆ: "ಅವರು ಮೊದಲು ಬ್ಲೂಸ್ ನುಡಿಸ್ತಿದ್ರಂತೆ, ಹೆಂಡತಿ ತೀರಿಕೊಂಡ ಮೇಲೆ ಎಲ್ಲ ಬಿಟ್ಟು ದೇವರ ಹಾಡಿಗೆ ಬಂದ್ರಂತೆ, ಹೌದಾ?"

ಇಲ್ಲ. ಕರಿಯ ಜನರ ನೋವು-ನಲಿವಿನ ಲೌಕಿಕ ಹಾಡಾದ ಬ್ಲೂಸ್, ದೇವರ ಹಾಡು, ಎರಡೂ ಮೊದಲಿಂದಲೂ ಅವರ ಜೊತೆಗೇ ಇದ್ದವು.

1899ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿದವರು. ಅಪ್ಪ ಬೋಧಕರು, ಅಮ್ಮ ಆರ್ಗನ್ ನುಡಿಸುತ್ತಿದ್ದರು. ಷಿಕಾಗೊಗೆ ಬಂದು ಬ್ಲೂಸ್ ಗಾಯಕಿ ಮಾ ರೇನಿ ಅವರ ಬ್ಯಾಂಡ್‌ನಲ್ಲಿ ಪಿಯಾನೊ ನುಡಿಸಿದರು. 1928ರಲ್ಲಿ ಗಿಟಾರ್ ವಾದಕ ಟ್ಯಾಂಪಾ ರೆಡ್ ಜೊತೆ ಮಾಡಿದ ಪೋಲಿ ಹಾಡೊಂದು ಭರ್ಜರಿ ಓಡಿತು. ಆ ವರ್ಷಗಳಲ್ಲೇ ದೇವರ ಹಾಡುಗಳನ್ನೂ ಬರೆಯುತ್ತಿದ್ದರು. ಒಂದು ಹಾಡಿನ 500 ಪ್ರತಿಗಳನ್ನು ಚರ್ಚ್‌ಗಳಿಗೆ ಅಂಚೆಯಲ್ಲಿ ಕಳಿಸಿದರೆ ಬಹಳ ಕಾಲ ಯಾರೂ ಕ್ಯಾರೇ ಅನ್ನಲಿಲ್ಲ. 1930ರಲ್ಲಿ ಷಿಕಾಗೊದಲ್ಲೇ ನಡೆದ ಬ್ಯಾಪ್ಟಿಸ್ಟ್ ಕ್ರೈಸ್ತರ ಸಮ್ಮೇಳನದಲ್ಲಿ ಅದನ್ನು ಹಾಡಿದಾಗ ಜನ ಮರುಳಾದರು. ಹೆಂಡತಿ ನೆಟ್ಟಿ ತೀರಿಕೊಂಡಿದ್ದು ಅದಾದ ಮೇಲೆ, 1932ರ ಆಗಸ್ಟ್‌ನಲ್ಲಿ.

ಆಗ ಡಾರ್ಸಿ ಸೇಂಟ್ ಲೂಯಿಸ್‌ನಲ್ಲಿದ್ದರು. ಟೆಲಿಗ್ರಾಂ ಬಂತು. ಹೆರಿಗೆಯಲ್ಲಿ ನೆಟ್ಟಿ ಹೋದರು, ಮಗುವೂ ಉಳಿಯಲಿಲ್ಲ. 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್' ಹುಟ್ಟಿದ್ದು ಆ ದುಃಖದಲ್ಲಿ. ಹಳೆಯ ಸ್ತುತಿಗೀತೆಯೊಂದರ ಧಾಟಿಯನ್ನೇ ತಿದ್ದಿಕೊಂಡು ಕಟ್ಟಿದ್ದು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಸಂಸ್ಕಾರದಲ್ಲಿ ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ ಇದನ್ನೇ ಹಾಡಿದರು. ಮಹಾಲಿಯಾ ಹಾಡಿದ್ದನ್ನು ಒಮ್ಮೆ ಕಿವಿಗೊಟ್ಟು ಕೇಳಿ. ಒಂದೊಂದು ಪದವನ್ನೂ ಎಷ್ಟು ಎಳೆಯುತ್ತಾರೆ, ಸ್ವರಕ್ಕೆ ನೇರವಾಗಿ ಹೋಗದೆ ಕೆಳಗಿಂದ ಜಾರಿಸಿಕೊಂಡು ಹತ್ತುತ್ತಾರೆ, ನಡುವೆ ಮಾತೇ ಇಲ್ಲದ ಒಂದು ನರಳಿಕೆ ಬರುತ್ತದೆ. ಅದು ಬ್ಲೂಸ್ ಅಲ್ವಾ? ಡಾರ್ಸಿ ಅಚ್ಚು ಹಾಕಿಸಿದ ಸ್ವರಲಿಪಿಯ ಹಾಳೆಗಳಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅಲ್ಲಿರುವುದು ಬರೀ ಹಂದರ, ಉಳಿದದ್ದನ್ನು ಹಾಡುವವರು ತುಂಬಿಕೊಳ್ಳಬೇಕು.

ನನಗೆ ಈ ಹಾಡಿಗಿಂತಲೂ ದೊಡ್ಡದಾಗಿ ಕಾಣುವುದು ಅವರು ಚರ್ಚ್‌ನ ಹಾಡುವ ತಂಡಕ್ಕೆ, ಅಂದರೆ ಕೊಯರ್‌ಗೆ ಮಾಡಿದ ಕೆಲಸ. ಅದೇ 1932ರಲ್ಲಿ ಷಿಕಾಗೊದ ಪಿಲ್‌ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚ್‌ನ ಗಾಸ್ಪೆಲ್ ಕೊಯರ್ ವಹಿಸಿಕೊಂಡರು, ದಶಕಗಳ ಕಾಲ ಬಿಡಲಿಲ್ಲ. ಚಿಕ್ಕ ಹುಡುಗ ಜೇಮ್ಸ್ ಕ್ಲೀವ್‌ಲ್ಯಾಂಡ್ ಹಾಡಿ ಬೆಳೆದಿದ್ದು ಅಲ್ಲೇ, ಮುಂದೆ ಅವರೂ ಗಾಸ್ಪೆಲ್‌ನ ದೊಡ್ಡ ಹೆಸರಾದರು. ದಕ್ಷಿಣದಿಂದ ವಲಸೆ ಬಂದ ಕರಿಯ ಜನರಿಗೆ ಷಿಕಾಗೊದ ದೊಡ್ಡ ಚರ್ಚ್‌ಗಳಲ್ಲಿ ಸಿಗುತ್ತಿದ್ದದ್ದು ಯುರೋಪಿನ ಶೈಲಿಯ ಬಿಗಿ ಸಂಗೀತ. ಚಪ್ಪಾಳೆ ತಟ್ಟಿದರೆ, ಮೈ ತೂಗಿದರೆ ಮುಖ ಸಿಂಡರಿಸುವವರೇ ಜಾಸ್ತಿ. ಆ ಜನ ಊರಲ್ಲಿ ಹಾಡುತ್ತಿದ್ದ ಹಾಗೇ ಭಾನುವಾರದ ಆರಾಧನೆಯಲ್ಲೂ ಹಾಡಲು ಡಾರ್ಸಿ ಜಾಗ ಮಾಡಿಕೊಟ್ಟರು. ಸುಮ್ನೆ ಒಂದು ಹಾಡು ಬರೆದು ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ.

ಇನ್ನೊಂದು ಹೆಸರು ಹೇಳಲೇಬೇಕು. ಡಾರ್ಸಿ ಜೊತೆ ಕೆಲಸ ಮಾಡಿದ ಗಾಯಕಿ ಸ್ಯಾಲಿ ಮಾರ್ಟಿನ್. ಸ್ವರಲಿಪಿ ಓದಲು ಬಾರದು, ದನಿ ಒರಟು, ಡಾರ್ಸಿಗೇ ಮೊದಲು ಅವರ ಹಾಡುಗಾರಿಕೆ ಹಿಡಿಸಿರಲಿಲ್ಲ. ಆದರೆ ಹಾಡಿನ ಹಾಳೆಗಳ ಮಾರಾಟಕ್ಕೆ ಒಂದು ಲೆಕ್ಕಾಚಾರ ತಂದು ಅದನ್ನು ಲಾಭಕ್ಕೆ ತಿರುಗಿಸಿದ್ದು ಅವರೇ, ಊರೂರು ತಿರುಗಿ ಕೊಯರ್‌ಗಳನ್ನು ಕಟ್ಟಿದ್ದೂ ಅವರೇ. 1940ರಲ್ಲಿ ಡಾರ್ಸಿಯಿಂದ ಬೇರೆಯಾಗಿ, ಗಾಸ್ಪೆಲ್ ಹಾಡುಗಳ ರಚನೆಕಾರ ಕೆನೆತ್ ಮಾರಿಸ್ ಜೊತೆ ಸೇರಿ ತಮ್ಮದೇ ಪ್ರಕಾಶನ ಶುರು ಮಾಡಿದರು. ಡಾರ್ಸಿ ಬಗ್ಗೆ ಕೇಳುವವರು ಇವರ ಬಗ್ಗೆಯೂ ಕೇಳಲಿ ಅಂತ ನನ್ನ ಆಸೆ.